ಓದಲೊಂದು ಸಂಜೆ ಕೊಡುವ ವಸತಿ ಶಾಲೆ

ಹಳ್ಳಿಯ ಬಡ ಮನೆಯ ಮಗುವಿಗೆ ಶಾಲೆ ಸಿಕ್ಕಿದೆ, ಪುಸ್ತಕ ಸಿಕ್ಕಿದೆ, ಮಧ್ಯಾಹ್ನದ ಬಿಸಿಯೂಟವೂ ಸಿಕ್ಕಿದೆ. ಸಿಗದೇ ಉಳಿದಿರುವುದು ಸಂಜೆ. ಶಾಲೆ ಬಿಟ್ಟು ಬಂದ ಹುಡುಗಿ ನೀರು ತರಬೇಕು, ಪಾತ್ರೆ ತಿಕ್ಕಬೇಕು, ಅಮ್ಮ ಹೊಲದಿಂದ ಬರುವತನಕ ಕೈಗೂಸನ್ನು ಆಡಿಸಬೇಕು. ಹುಡುಗನಿಗೆ ಕುರಿ, ದನದ ಕೆಲಸ ಕಾದಿರುತ್ತದೆ. ಪುಸ್ತಕ ಬಿಚ್ಚುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ. ತಿಳಿಯದ ಲೆಕ್ಕವನ್ನು ಕೇಳೋಣವೆಂದರೆ ಮನೆಯಲ್ಲಿ ಓದಿದವರೇ ಇಲ್ಲ. ವಸತಿ ಶಾಲೆಯಿಂದ ಏನು ಲಾಭ ಎಂದು ಕೇಳಿದವರಿಗೆ ನಾನು ಶಿಸ್ತು, ಸ್ವಾವಲಂಬನೆಗಳಿಗಿಂತ ಮೊದಲು ಈ ಸಂಜೆಯ ಮಾತನ್ನೇ ಹೇಳುತ್ತೇನೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ದೇಶದಲ್ಲಿ ಹರಡಿದ ಜವಾಹರ ನವೋದಯ ವಿದ್ಯಾಲಯಗಳನ್ನೇ ನೋಡಿ. ಕನಿಷ್ಠ ಶೇ 75ರಷ್ಟು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಶಿಕ್ಷಕರ ಮನೆಗಳೂ ಅದೇ ಆವರಣದಲ್ಲಿರುವುದರಿಂದ ಮಧ್ಯಾಹ್ನ ಅರ್ಥವಾಗದ ಪಾಠವನ್ನು ರಾತ್ರಿಯ ಓದಿನ ಹೊತ್ತಿನಲ್ಲಿ ಮತ್ತೆ ಕೇಳಬಹುದು. ಪಟ್ಟಣದ ಮಗುವಿಗೆ ಟ್ಯೂಷನ್ ಕೊಡುವುದನ್ನು ಇಲ್ಲಿ ಕೂಲಿಕಾರರ ಮಗುವೂ ಪಡೆಯುತ್ತದೆ. ನಮ್ಮ ರಾಜ್ಯದ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲೂ ಆರನೇ ತರಗತಿಯಿಂದ ಇಂಥ ಏರ್ಪಾಡಿದೆ. ಸರ್ಕಾರ ಕಣ್ಣು ತೆರೆಯುವ ಮೊದಲೇ ಸಿದ್ಧಗಂಗೆಯಂಥ ಮಠಗಳು, ನಾನಾ ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಅನ್ನ ಹಾಕಿ ಓದಿಸಿದವು. ಆ ಪಂಕ್ತಿಯಲ್ಲಿ ಉಂಡವರು ಕರ್ನಾಟಕದ ಕಚೇರಿ, ಕೋರ್ಟು, ಕಾಲೇಜುಗಳಲ್ಲೆಲ್ಲ ಇದ್ದಾರೆ.

ಗುಳೆ ಹೋಗುವ ಕುಟುಂಬಗಳ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಕಲ್ಯಾಣ ಕರ್ನಾಟಕದ ಎಷ್ಟೋ ಹಳ್ಳಿಗಳಿಂದ ಜನ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಕಬ್ಬು ಕಡಿಯಲು ಹೋಗುವವರೂ ಇದ್ದಾರೆ. ಅಪ್ಪ ಅಮ್ಮ ಮೂಟೆ ಕಟ್ಟಿದ ದಿನ ಮಗುವಿನ ಶಾಲೆಯೂ ನಿಂತಿತು. ನಾಲ್ಕಾರು ತಿಂಗಳು ಕಳೆದು ಮರಳಿದಾಗ ತರಗತಿ ಬಹಳ ಮುಂದೆ ಹೋಗಿರುತ್ತದೆ, ಮಗು ನಾಚಿಕೊಂಡು ಹಿಂದಿನ ಬೆಂಚು ಸೇರುತ್ತದೆ, ಮರುವರ್ಷ ಶಾಲೆಗೇ ಬರುವುದಿಲ್ಲ. ಆ ಮಗು ವಸತಿ ಶಾಲೆಯಲ್ಲಿದ್ದರೆ ಈ ಕೊಂಡಿ ತುಂಡಾಗುವುದಿಲ್ಲ. ಹುಡುಗಿಯಾದರೆ ಹದಿನಾರಕ್ಕೇ ಮದುವೆಯ ಮಾತೆತ್ತುವವರಿಂದಲೂ ದೂರ ಉಳಿಯುತ್ತಾಳೆ.

ಕೂಡಿ ಬಾಳುವ ಪಾಠ ಬೇರೆಯದೇ. ನವೋದಯದಲ್ಲಿ ಒಂಬತ್ತನೇ ತರಗತಿಯ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ನಾಡಿನ ಶಾಲೆಗೆ ಕಳಿಸಿ, ಅಲ್ಲಿಯವರನ್ನು ಇಲ್ಲಿಗೆ ಕರೆತರುವ ಪದ್ಧತಿಯಿದೆ. ರೊಟ್ಟಿ, ಮುದ್ದೆ ಉಂಡು ಬೆಳೆದ ಹದಿನಾಲ್ಕರ ಮಗು ಬೇರೆ ಭಾಷೆಯ ನಡುವೆ ಸ್ನೇಹ ಕಟ್ಟಿಕೊಂಡು ಬರುತ್ತದೆ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಮಕ್ಕಳಿಗೆ ಊರಿನ ಕೇರಿಗಳ ಗೆರೆ ಮಸುಕಾಗುತ್ತದೆ. ಜಾತಿಯ ಬಗ್ಗೆ ಎಷ್ಟು ಭಾಷಣ ಮಾಡಿದರೂ ಇದು ಆಗದು.

ಆದರೆ ಹತ್ತು ವರ್ಷದ ಕೂಸನ್ನು ಬಿಟ್ಟುಬರುವುದು ಹಗುರದ ಮಾತಲ್ಲ. ಮೊದಲ ತಿಂಗಳುಗಳಲ್ಲಿ ರಾತ್ರಿ ಅಳುವ ಮಕ್ಕಳಿದ್ದಾರೆ, ಜ್ವರ ಬಂದರೆ ಅಮ್ಮನನ್ನೇ ಕೇಳುತ್ತಾರೆ. ಮನೆಯಲ್ಲಿ ಎಲ್ಲ ಅನುಕೂಲವಿದ್ದೂ ಹಟ ತಡೆಯಲಾಗದೆ ಮಗುವನ್ನು ದುಬಾರಿ ಹಾಸ್ಟೆಲಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಮಗುವಿಗೆ ಬೇಕಿರುವುದು ತಂದೆ ತಾಯಿಯ ಹೊತ್ತು. ಸೇರಿಸುವವರೂ ಮೊದಲು ಹೋಗಿ ನೋಡಬೇಕು. ಹುಡುಗಿಯರ ನಿಲಯದಲ್ಲಿ ರಾತ್ರಿ ಮಹಿಳಾ ವಾರ್ಡನ್ ಉಳಿಯುತ್ತಾರೆಯೇ? ಶೌಚಾಲಯದಲ್ಲಿ ನೀರಿದೆಯೇ? ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರು? ಕೇಳಲು ಸಂಕೋಚ ಬೇಡ. ಸೇರಿಸಿದ ಮೇಲೆ ಭೇಟಿಯ ದಿನ ತಪ್ಪಿಸಬೇಡಿ.

ಮಗು ಐದನೇ ತರಗತಿಯಲ್ಲಿದ್ದರೆ ಈ ವರ್ಷವೇ ಶಾಲೆಯ ಮೇಷ್ಟ್ರನ್ನು ಕಂಡು ವಿಚಾರಿಸಿ. ನವೋದಯದ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಅರ್ಜಿಗೆ ಶುಲ್ಕವಿಲ್ಲ. ಆರನೇ ತರಗತಿಯ ಪ್ರವೇಶಕ್ಕೆ ಒಂದು ಮಗು ಅದನ್ನು ಒಮ್ಮೆ ಮಾತ್ರ ಬರೆಯಬಹುದು.