ತಾತನ ಕೈಯಲ್ಲಿ ಐದು ಎಲೆ

“ಜೂಜು ಆಡಾಕತ್ತಿಲ್ಲ ಫಾದರ್, ತಲಿಗೆ ಕಸರತ್ತು ಕೊಡಾಕತ್ತೀನಿ.”

ಆದೋನಿಯ ಹತ್ತಿ ವ್ಯಾಪಾರದಲ್ಲಿ ಬಹುಕಾಲ ಲೆಕ್ಕ ಬರೆದು ಈಗ ಮನೆಯಲ್ಲಿರುವ ತಾತನೊಬ್ಬರು ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದ ಮಾತಿದು. ಪರದೆಯ ಮೇಲೆ ಐದು ಇಸ್ಪೀಟು ಎಲೆಗಳು. ವಿಡಿಯೋ ಪೋಕರ್! ಸದ್ಯಕ್ಕೆ ಹಣವಿಲ್ಲದ, ಬರೀ ಅಂಕಗಳ ಆಟ. ಸೊಸೆಗೆ ಮಾತ್ರ ಸಮಾಧಾನವಿಲ್ಲ. “ಇವತ್ತು ಪುಕ್ಕಟೆ. ನಾಳೆ ಪಿಂಚಣಿ ರೊಕ್ಕ ಹೋದ್ರೆ?” ಎಂದಳು.

ಪ್ರಿಯ ಓದುಗರೇ, ತಾತನ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಇದು ಗುಂಡಿ ಒತ್ತಿ ಅದೃಷ್ಟಕ್ಕೆ ಕಾಯುವ ಸ್ಲಾಟ್ ಯಂತ್ರದಂತಲ್ಲ. 52 ಎಲೆಗಳಿಂದ ಯಂತ್ರ ಐದನ್ನು ಕೊಡುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟು ಹೊಸದು ಪಡೆಯಬೇಕು ಎಂಬುದು ಆಡುವವರ ತೀರ್ಮಾನ. ಪ್ರತಿ ಸಲವೂ 32 ದಾರಿಗಳು! ಕಲಿಯುವಾಗ ತಲೆಗೆ ಕೆಲಸವಿರುವುದು ನಿಜ. ಲೆಕ್ಕ ಬಾಯಿಪಾಠವಾದ ಮೇಲೆ ಬೆರಳು ತಾನಾಗಿಯೇ ಒತ್ತುತ್ತಾ ಹೋಗುತ್ತದೆ. ಎದುರಿಗೆ ಕುಳಿತು ರೇಗಿಸುವವರಿಲ್ಲ, “ಮೋಸ ಮಾಡಿದೆ” ಎಂದು ಜಗಳ ತೆಗೆಯುವವರೂ ಇಲ್ಲ.

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದು, ಮಣೆಯಾಟ ಅಥವಾ ಇಸ್ಪೀಟು, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದ್ದವರಲ್ಲಿ ಡಿಮೆನ್ಷಿಯಾ ಎಂಬ ಮರೆವಿನ ರೋಗ ಕಡಿಮೆ ಕಂಡುಬಂತು. ಆದರೆ ಆಟದಿಂದ ಬುದ್ಧಿ ಉಳಿಯಿತೋ, ಬುದ್ಧಿ ಚುರುಕಾಗಿದ್ದವರೇ ಆಡುತ್ತಿದ್ದರೋ ಎಂಬುದನ್ನು ಇಂಥ ಅಧ್ಯಯನ ಪೂರ್ತಿ ಬಿಡಿಸಿ ಹೇಳಲಾರದು. ಹಣ ನುಂಗುವ ಯಂತ್ರದ ಬಗ್ಗೆಯಂತೂ ಅದು ಹೇಳಿಯೇ ಇಲ್ಲ. ಮೆದುಳಿನ ಕಸರತ್ತು ಮಾರುತ್ತಿದ್ದ ಲುಮೋಸಿಟಿ ಕಂಪನಿಯು ಮುಪ್ಪಿನ ಮರೆವನ್ನು ತಡೆಯುತ್ತೇವೆಂದು ಆಧಾರವಿಲ್ಲದೆ ಜಾಹೀರಾತು ಮಾಡಿದ ಆರೋಪಕ್ಕೆ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ತೆರಬೇಕಾಯಿತು.

ಇನ್ನು ಹಣದ ಲೆಕ್ಕ. ವಿಡಿಯೋ ಪೋಕರಿನಲ್ಲಿ ‘ಜ್ಯಾಕ್ಸ್ ಆರ್ ಬೆಟರ್’ ಎಂಬ ಬಗೆಯಿದೆ. ಅದರ ಉದಾರವಾದ ಯಂತ್ರದಲ್ಲಿ ಒಂದೂ ತಪ್ಪಿಲ್ಲದೆ ಆಡಿದರೆ, ಪಣವಿಟ್ಟ 100 ರೂಪಾಯಿಗೆ ಸರಾಸರಿ 99 ರೂಪಾಯಿ 54 ಪೈಸೆ ಹಿಂದಿರುಗುತ್ತದೆ. 46 ಪೈಸೆ ತಾನೇ ಎನ್ನಬಹುದು. ಆದರೆ ಗಂಟೆಗೆ ನೂರಾರು ಆಟ ಮುಗಿಯುತ್ತವೆ, ಅಷ್ಟು ಉದಾರವಲ್ಲದ ಯಂತ್ರಗಳೂ ಉಂಟು, ಪ್ರತಿ ತಪ್ಪಿಗೂ ನಷ್ಟ ಏರುತ್ತದೆ. ಅಂದರೆ ಬುದ್ಧಿ ಮಸುಕಾದಷ್ಟೂ ಶುಲ್ಕ ಹೆಚ್ಚು. ಯಾವ ವ್ಯಾಯಾಮಶಾಲೆ ಬಲಹೀನನಿಂದಲೇ ಹೆಚ್ಚು ಹಣ ಕೇಳುತ್ತದೆ?

ಕಾನೂನೂ ಸುಮ್ಮನಿಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ್ದು ಆಂಧ್ರದಿಂದಲೇ ಹೋದ ಮೊಕದ್ದಮೆಯಲ್ಲಿ. ಹಣ ಕಟ್ಟುವ ಆನ್‌ಲೈನ್ ರಮ್ಮಿ, ಪೋಕರುಗಳನ್ನು ಆಂಧ್ರ ಸರ್ಕಾರ 2020ರಲ್ಲಿ ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳಿಗೂ ಬಾಗಿಲು ಹಾಕುವಂಥದ್ದು.

ಮನೆಯವರು ಒಂದು ವಿಷಯ ಗಮನಿಸಬೇಕು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳಿಂದ ಕೆಲವರಿಗೆ ಜೂಜಿನ ಹಂಬಲ ಹುಟ್ಟುವುದುಂಟು. ಹಿರಿಯರು ಹಠಾತ್ತನೆ ಪಣಕ್ಕಿಳಿದರೆ ಬೈಯಬೇಡಿ. ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ. ಮೊದಲು ವೈದ್ಯರಿಗೆ ತಿಳಿಸಿ.

ಇಷ್ಟನ್ನೂ ತಾತನಿಗೆ ಹೇಳಿದೆ. ಅವರು ಕೇಳಿದರೋ ಇಲ್ಲವೋ! ನೆರೆಮನೆಯ ತೆಲುಗಿನ ಗೆಳೆಯರನ್ನು ಕರೆದು, ಅಂಗಳದ ಬಂಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಲು ಹೇಳಿದೆ. ನಾವು ಹುಲಿ-ಕುರಿ ಎನ್ನುವುದನ್ನು ಅವರು ಪುಲಿ-ಮೇಕ ಎನ್ನುತ್ತಾರೆ. ಮೂರು ಹುಲಿ, ಹದಿನೈದು ಕುರಿ. ಹುಲಿಗಳನ್ನು ನನಗೆ ಕೊಟ್ಟರು. ಅರ್ಧ ಗಂಟೆಯಲ್ಲಿ ಮೂರನ್ನೂ ಕಟ್ಟಿಹಾಕಿದ ತಾತ, “ಫಾದರ್, ನಿಮಗೂ ಕಸರತ್ತು ಬೇಕಾಗೈತಿ” ಎಂದರು. ಮೊಬೈಲು ಅಷ್ಟು ಹೊತ್ತೂ ಕಿಟಕಿಯ ಮೇಲೇ ಇತ್ತು.