ಮೊದಲ ದಿನಗಳಲ್ಲಿ ಎದೆಹಾಲು: ತೊಂದರೆಗಳು ಮತ್ತು ಪರಿಹಾರ

ಹೆರಿಗೆಯಾದ ಮೊದಲ ದಿನಗಳಲ್ಲಿ ಹಾಲು ಸಾಲದೆಂಬ ಆತಂಕ ಅನೇಕ ತಾಯಂದಿರನ್ನು ಕಾಡುತ್ತದೆ. ಆರಂಭದಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲು ಅಲ್ಪವೆನಿಸಿದರೂ ಶಿಶುವಿನ ಪುಟ್ಟ ಹೊಟ್ಟೆಗೆ ಸಾಕಾಗುತ್ತದೆ. ಸೋಂಕಿನಿಂದ ರಕ್ಷಣೆಯನ್ನೂ ನೀಡುತ್ತದೆ. ಅದನ್ನು ಹಿಂಡಿ ಚೆಲ್ಲಬಾರದು. ಜೇನುತುಪ್ಪ, ಸಕ್ಕರೆ ನೀರು, ಸೀಸೆಯ ಹಾಲನ್ನು ಕೊಟ್ಟರೆ ಮಗು ಮೊಲೆ ಚೀಪುವುದು ಕಡಿಮೆಯಾಗಿ, ಹಾಲಿನ ಉತ್ಪತ್ತಿಯೂ ಕುಗ್ಗುತ್ತದೆ.

ತೊಟ್ಟು ನೋಯುವುದಕ್ಕೆ ಮುಖ್ಯ ಕಾರಣ, ಮಗು ಅದರ ತುದಿಯನ್ನು ಮಾತ್ರ ಹಿಡಿದಿರುವುದು. ಮಗು ಬಾಯಿಯನ್ನು ಅಗಲವಾಗಿ ತೆರೆದಾಗ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಮಟ್ಟಿಗೆ ಒಳಸೇರುವಂತೆ ಎದೆಗೆ ಹಿಡಿಯಬೇಕು. ಸ್ತನ ಬಿಗಿದಿದ್ದರೆ ಮೊದಲು ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ತೆಗೆಯಬೇಕು.

ದಿನಕ್ಕೆ 8ರಿಂದ 12 ಬಾರಿ ಹಾಲುಣಿಸಿರಿ. ಐದನೆಯ ದಿನದ ನಂತರ ಮಗು ದಿನಕ್ಕೆ 6 ಬಾರಿಗಿಂತ ಕಡಿಮೆ ಮೂತ್ರ ವಿಸರ್ಜಿಸಿದರೆ, ಅಥವಾ ತಾಯಿಗೆ ಜ್ವರ ಬಂದು ಸ್ತನ ಕೆಂಪಾದರೆ ವೈದ್ಯರನ್ನು ಕಾಣಿರಿ. ಹಾಲುಣಿಸುವುದನ್ನು ಮಾತ್ರ ನಿಲ್ಲಿಸಬೇಡಿರಿ.