ಮುಳ್ಳು ನಂಬಿ ಹೊಳೆಗಿಳಿಯಬ್ಯಾಡ್ರಿ

ಕುರುವಪುರ ದಾರಿಯ ಎಂಜಿನ್ ಬೋಟು: ಟಾಕಿಯ ಎಣ್ಣೆ ಅಳೆಯೋದು ಹೇಗೆ, ತುಂಬೋದು ಹೇಗೆ?

ಮಕ್ತಲ್: ಮೀಟರಿನ ಮುಳ್ಳು ಅರ್ಧ ಟಾಕಿ ತೋರಿಸ್ತಾ ಇರ್ತದೆ. ಎಂಜಿನ್ ಮಾತ್ರ ಎರಡು ಸಲ ಕೆಮ್ಮಿ ನಡು ಹೊಳೆಯಲ್ಲಿ ನಿಂತುಬಿಡ್ತದೆ. ರಸ್ತೆ ಮೇಲೆ ಬೈಕ್ ನಿಂತರೆ ತಳ್ಳಿಕೊಂಡು ಬಂಕಿಗೆ ಹೋಗಬಹುದು. ಕೃಷ್ಣೆಯ ನಡುವೆ ಬೋಟು ನಿಂತರೆ ಯಾರು ತಳ್ಳಬೇಕು?

ನಾರಾಯಣಪೇಟ, ಮಕ್ತಲ್, ಮಾಗನೂರು, ಕೃಷ್ಣಾ ಕಡೆಯ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಶ್ರೀಪಾದ ಶ್ರೀವಲ್ಲಭರ ಕುರುವಪುರ ಇರುವುದು ರಾಯಚೂರು ತಾಲ್ಲೂಕಿನ ನಡುಗಡ್ಡೆಯಲ್ಲಿ. ಈಚೆ ದಂಡೆ ಪಂಚದೇವಪಹಾಡ ನಾರಾಯಣಪೇಟ ಜಿಲ್ಲೆಗೆ ಸೇರಿದ್ದು. ದಂಡೆ ತೆಲಂಗಾಣ, ಗುಡಿ ಕರ್ನಾಟಕ, ನಡುವೆ ಹೊಳೆ. ಆಶ್ವಯುಜ ಬಹುಳ ದ್ವಾದಶಿ, ಅಂದರೆ ಗುರುದ್ವಾದಶಿ ಬಂತೆಂದರೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಗದ್ವಾಲ ಕಡೆ ಗುರ್ರಂಗಡ್ಡ ನಡುಗಡ್ಡೆಯವರಿಗೂ ದೋಣಿಯ ಋಣ ಹಳೆಯದು.

ಮೇಲೆ ಭೀಮೆ ಬಂದು ಕೂಡುತ್ತಾಳೆ. ಬಸವಸಾಗರದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2020ರ ಆಗಸ್ಟ್‌ನಲ್ಲಿ ಕುರ್ವಕಲಾ ಹತ್ತಿರ ಪ್ರವಾಹದಲ್ಲಿ ಹರಿಗೋಲು ಮಗುಚಿ ನಾಲ್ವರು ಕೊಚ್ಚಿಹೋದದ್ದನ್ನು ಈ ಭಾಗದವರು ಮರೆತಿಲ್ಲ. ಅದು ಎಣ್ಣೆ ತೀರಿದ ಪ್ರಕರಣವಲ್ಲ, ಹರಿಗೋಲಿಗೆ ಎಂಜಿನ್ನೇ ಇರುವುದಿಲ್ಲ. ಆದರೆ ಎಂಜಿನ್ ಬಂದ್ ಆದ ಬೋಟಿಗೂ ಹರಿಗೋಲಿಗೂ ಸೆಳವಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಮುಳ್ಳು ಸುಳ್ಳು ಹೇಳೋದ್ಯಾಕೆ?

ಟಾಕಿಯೊಳಗೆ ಒಂದು ಬೆಂಡು ತೇಲ್ತಾ ಇರ್ತದೆ. ಎಣ್ಣೆ ಇಳಿದಂತೆ ಬೆಂಡೂ ಇಳಿಯುತ್ತದೆ. ಅದರ ಕಡ್ಡಿ ತಿರುಗಿದಂತೆ ವಾಯರಿನಲ್ಲಿ ಹರಿಯುವ ಕರೆಂಟು ಹೆಚ್ಚುಕಡಿಮೆಯಾಗಿ ಮುಳ್ಳು ಅಲುಗಾಡುತ್ತದೆ. ಮುಳ್ಳು ಅಳೆಯುವುದು ಬೆಂಡಿನ ಎತ್ತರವನ್ನು, ಲೀಟರನ್ನಲ್ಲ. ಟಾಕಿಯ ತಳ ಕಿರಿದಾಗಿದ್ದರೆ ಮುಳ್ಳು ಅರ್ಧಕ್ಕೆ ಬಂದಾಗ ಎಣ್ಣೆ ಅರ್ಧಕ್ಕಿಂತ ಕಡಿಮೆ ಇರುತ್ತದೆ.

ಎರಡು ಉದ್ದನೆಯ ತೇಲು ಕೊಳವೆಗಳ ಮೇಲೆ ಹಲಗೆ ಹಾಸಿದ ಪಾಂಟೂನ್ ಬೋಟಿನಲ್ಲಿ ಇನ್ನೊಂದು ತೊಡಕಿದೆ. ಇದರ ಟಾಕಿ ಸಾಮಾನ್ಯವಾಗಿ ಅಗಲ, ಆಳ ಕಡಿಮೆ. ದಂಡೆ ಹತ್ತಿರ ಬಂತೆಂದು ಜನ ಒಮ್ಮೆಲೇ ಮುಂದಕ್ಕೆ ಬಂದು ನಿಂತರೆ ಬೋಟಿನ ಮೂತಿ ಬಗ್ಗುತ್ತದೆ, ಎಣ್ಣೆಯೂ ಮುಂದಕ್ಕೆ ಸರಿಯುತ್ತದೆ. ಎಣ್ಣೆ ಎಳೆಯುವ ನಳಿಕೆ ಹಿಂಬದಿಯಲ್ಲಿದ್ದರೆ ಗಾಳಿ ಎಳೆದುಕೊಳ್ಳುತ್ತದೆ. ಟಾಕಿಯಲ್ಲಿ ನಾಲ್ಕೈದು ಲೀಟರ್ ಇದ್ದರೂ ಎಂಜಿನ್ ಬಂದ್! ಆದ್ದರಿಂದ ಮೀಟರ್ ನೋಡುವುದಿದ್ದರೆ ಬೋಟು ಸಮವಾಗಿ ನಿಂತಾಗಲೇ ನೋಡಬೇಕು.

ದೋಷ ಹುಡುಕೋದು ಹೀಗೆ

ಮುಳ್ಳು ಅಲುಗಾಡದಿದ್ದರೆ ಮೊದಲು ಟಾಕಿ ಬಿಚ್ಚಬೇಡಿ. ಫ್ಯೂಸ್, ಬ್ಯಾಟರಿಯ ತುದಿ, ಅರ್ತಿಂಗ್ ವಾಯರ್ ನೋಡಿ. ನೀರಿನ ತೇವಕ್ಕೆ ಅರ್ತಿಂಗ್ ತುದಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಆಮೇಲೆ ಮೀಟರಿನ ಹಿಂದೆ, ಟಾಕಿಯಿಂದ ಬರುವ ವಾಯರನ್ನು ಬಿಚ್ಚಿ ನೋಡಬೇಕು. ಅದೇ ತುದಿಯನ್ನು ಒಂದು ಕ್ಷಣ ಅರ್ತಿಂಗಿಗೆ ಮುಟ್ಟಿಸಬೇಕು. ಒಂದು ಸಲ ಮುಳ್ಳು ಈ ಕೊನೆಗೆ, ಇನ್ನೊಂದು ಸಲ ಆ ಕೊನೆಗೆ ಹೋದರೆ ಮೀಟರ್ ಸರಿ ಇದೆ, ದೋಷ ವಾಯರಿನಲ್ಲೋ ಬೆಂಡಿನಲ್ಲೋ ಎಂದರ್ಥ. ಈ ಪರೀಕ್ಷೆಯನ್ನು ಟಾಕಿಯ ಬಾಯಿ ಹತ್ತಿರ ಮಾಡಲೇಬಾರದು. ಒಂದು ಕಿಡಿ ಸಾಕು.

ಬೆಂಡಿನ ಕಡೆಯ ವಾಯರಿಗೆ ಓಮ್ ಮೀಟರ್ ಹಚ್ಚಿದರೆ ಇನ್ನೂ ಸ್ಪಷ್ಟ. ಅಮೆರಿಕ ಪದ್ಧತಿಯಲ್ಲಿ ಖಾಲಿ ಟಾಕಿಗೆ 240 ಓಮ್, ತುಂಬಿದರೆ 33. ಯುರೋಪ್ ಪದ್ಧತಿಯಲ್ಲಿ ಖಾಲಿಗೆ 10, ತುಂಬಿದರೆ 180. ಒಂದಕ್ಕೊಂದು ಉಲ್ಟಾ. ಹಳೆ ಮೀಟರ್ ಕೆಟ್ಟಿತೆಂದು ಸಿಕ್ಕ ಗಾಡಿಯ ಮೀಟರ್ ತಂದು ಕೂಡಿಸಿದರೆ ಖಾಲಿ ಟಾಕಿಯೂ ತುಂಬಿದೆ ಎಂದು ತೋರಿಸಬಹುದು. ಕೆಟ್ಟ ಮೀಟರಿಗಿಂತ ಇದೇ ಅಪಾಯ. ಕೆಟ್ಟದ್ದನ್ನು ಯಾರೂ ನಂಬೋದಿಲ್ಲ, ಇದನ್ನು ನಂಬ್ತಾರೆ.

ಓಮ್ ಲೆಕ್ಕ ತಪ್ಪಿದ್ದರೆ ಉಳಿದದ್ದು ಬೆಂಡು. ತೂತು ಬಿದ್ದು ಎಣ್ಣೆ ಕುಡಿದ ಬೆಂಡು ತಳ ಹಿಡಿಯುತ್ತದೆ, ಮುಳ್ಳು ಸದಾ ಖಾಲಿ. ಕಡ್ಡಿ ಸಿಕ್ಕಿಬಿದ್ದರೆ ಮುಳ್ಳು ಒಂದೇ ಕಡೆ ನಿಲ್ಲುತ್ತದೆ. ಹೊಸದು ಹಾಕಿಸುವಾಗ ಕಡ್ಡಿಯ ಉದ್ದ ಟಾಕಿಯ ಆಳಕ್ಕೆ ಹೊಂದಬೇಕು.

ತುಂಬುವಾಗ ಉಕ್ಕುತ್ತಿದೆಯೇ?

ಬೋಟನ್ನು ಬಂಕಿಗೆ ಒಯ್ಯಲಾಗದು, ಎಣ್ಣೆಯೇ ಕ್ಯಾನಿನಲ್ಲಿ ದಂಡೆಗೆ ಬರಬೇಕು. ಟಾಕಿಗೆ ಸುರಿಯುವಾಗ ಗುಳುಗುಳು ಎಂದು ಉಕ್ಕಿ ಹೊರಬಂದರೆ ಟಾಕಿ ತುಂಬಿದೆ ಎಂದು ತಿಳಿಯಬೇಡಿ. ಎಣ್ಣೆ ಒಳಗೆ ಹೋಗಲು ಗಾಳಿ ಹೊರಗೆ ಹೋಗಬೇಕು. ಗಾಳಿ ಕೊಳವೆಯ ಬಾಯಿಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರಬಹುದು, ಇಲ್ಲವೇ ಕೊಳವೆ ಜೋತುಬಿದ್ದು ಅದರಲ್ಲಿ ಎಣ್ಣೆ ನಿಂತಿರಬಹುದು. ಗೂಡು ತೆಗೆದು, ಕೊಳವೆ ಮೇಲ್ಮುಖವಾಗಿರುವಂತೆ ಕಟ್ಟಿದರೆ ಸರಿಹೋಗುತ್ತದೆ.

ಇದೇ ಕೊಳವೆ ಕಟ್ಟಿದ್ದರೆ ಓಡುವಾಗಲೂ ತ್ರಾಸು. ಎಣ್ಣೆ ಹೋದ ಜಾಗಕ್ಕೆ ಗಾಳಿ ಬಾರದೆ ಎಂಜಿನ್ ಉಸಿರು ಕಟ್ಟುತ್ತದೆ. ಟಾಕಿಯ ಮುಚ್ಚಳ ಸಡಿಲಿಸಿದ ಕೂಡಲೇ ಓಡಿದರೆ ಕಾರಣ ಇದೇ. ಕೈಯಲ್ಲಿ ಎತ್ತುವ ಸಣ್ಣ ಟಾಕಿಯಾದರೆ ಮುಚ್ಚಳದ ಮೇಲಿನ ಗಾಳಿ ತಿರುಪು ತೆರೆದಿದೆಯೇ ನೋಡಿ. ಪೈಪಿನ ನಡುವಿನ ರಬ್ಬರ್ ಗುಂಡು ಚಪ್ಪಟೆಯಾಗಿದ್ದರೆ ಟಾಕಿಯ ಕಡೆ ಅಡ್ಡಿ ಇದೆ. ಎಷ್ಟು ಹಿಸುಕಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಎಣ್ಣೆಯೇ ತೀರಿದೆ.

ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ತಳಕ್ಕಿಳಿಯುತ್ತವೆ, ನಳಿಕೆ ಎಳೆಯುವುದು ತಳದ್ದನ್ನೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಬೋಟಿನ ಹಳೆ ಪೆಟ್ರೋಲನ್ನು ತೆಗೆದು ಹೊಸದು ಹಾಕುವುದೇ ಒಳ್ಳೆಯದು. ಡೀಸೆಲ್ ಎಂಜಿನ್ ಒಮ್ಮೆ ಪೂರ್ತಿ ಒಣಗಿದರೆ ಎಣ್ಣೆ ಹಾಕಿದ ಮಾತ್ರಕ್ಕೆ ಚಾಲೂ ಆಗದಿರಬಹುದು. ಪೈಪಿನ ಗಾಳಿ ತೆಗೆಯಬೇಕು. ನಡು ಹೊಳೆಯಲ್ಲಿ ಅದು ಸುಲಭದ ಮಾತಲ್ಲ.

ಕ್ಯಾನಿಗೂ ಕಾನೂನು ಇದೆ

1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದದ್ದು 30 ಲೀಟರ್ ಮಾತ್ರ. ಲೋಹದ ಡಬ್ಬಿಯಾದರೆ ಒಂದೊಂದು 25 ಲೀಟರ್ ಮೀರಬಾರದು, ಮುಚ್ಚಳ ಭದ್ರವಾಗಿರಬೇಕು. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು ಸೀಟಿನ ಕೆಳಗಿಡುವುದಕ್ಕೆ ಈ ಕಾಯ್ದೆಯಲ್ಲಿ ಜಾಗವಿಲ್ಲ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ಹಲಗೆಯ ಕೆಳಗಿನ ತಗ್ಗಿನಲ್ಲಿ ಕೂತಿರುತ್ತದೆ. ಅದಕ್ಕೇ ಜನರನ್ನು ಇಳಿಸಿ, ಎಂಜಿನ್ ಬಂದ್ ಮಾಡಿ, ಬೀಡಿ ದೂರ ಇಟ್ಟು, ಸೋಸಿ ತುಂಬಬೇಕು. ಬಂಕಿನಲ್ಲಿ ಕ್ಯಾನು ತುಂಬಿಸುವಾಗ ಗಾಡಿಯ ಮೇಲಲ್ಲ, ನೆಲದ ಮೇಲಿಡಬೇಕು. ಬಿಸಿಲಿಗೆ ಹಿಗ್ಗುವುದರಿಂದ ಕಂಠಪೂರ್ತಿ ತುಂಬಬಾರದು.

ಕೋಲು, ವಹಿ, ಮೂರು ಪಾಲು

ಮೀಟರ್ ರಿಪೇರಿ ಆದರೂ ಕೋಲು ಬಿಡಬಾರದು. ಖಾಲಿ ಟಾಕಿಗೆ ಐದೈದು ಲೀಟರ್ ಅಳೆದು ಹಾಕುತ್ತಾ ಒಣ ಬಿದಿರು ಕೋಲಿಗೆ ಗೀಟು ಹಾಕಿಕೊಂಡರೆ ಅದೇ ಖರೇ ಮೀಟರ್. ಬಾಯಿ ಸೊಟ್ಟಗಿದ್ದು ಕೋಲು ಇಳಿಯದಿದ್ದರೆ ಒಂದು ವಹಿ ಇಡಬೇಕು: ಎಷ್ಟು ಹಾಕಿತು, ಎಷ್ಟು ತಾಸು ಓಡಿತು. ಹತ್ತು ದಿನದಲ್ಲಿ ತಾಸಿಗೆ ಎಷ್ಟು ಲೀಟರ್ ಎಂಬ ಲೆಕ್ಕ ಸಿಗುತ್ತದೆ. ತುಂಬು ಹೊಳೆಯಲ್ಲಿ ಸೆಳವಿಗೆ ಎದುರಾಗಿ ಹೋಗುವಾಗ ಅದೇ ದೂರಕ್ಕೆ ಎಣ್ಣೆ ಹೆಚ್ಚು ಬೇಕು ಎಂಬುದು ಆ ವಹಿಯಲ್ಲೇ ಕಾಣುತ್ತದೆ.

ಬೋಟಿನವರ ಲೋಕದಲ್ಲಿ ಒಪ್ಪಿತವಾದ ನಿಯಮ ಮೂರು ಪಾಲಿನದು: ಒಂದು ಪಾಲು ಹೋಗಲು, ಒಂದು ಬರಲು, ಒಂದು ಕೈಗಾವಲಿಗೆ. ಆರು ಲೀಟರ್ ಇದ್ದರೆ ಹೋಗಿ ಬರಲು ನಾಲ್ಕೇ ಲೀಟರ್ ಎಂದು ತಿಳಿಯಬೇಕು.

ಹತ್ತುವ ಮುಂಚೆ ಕೇಳಿ

* ‘ಅಣ್ಣಾ, ಟಾಕಿ ಕೋಲು ಹಾಕಿ ನೋಡೀರೇನು?’ ಎಂದು ಕೇಳುವುದಕ್ಕೆ ಸಂಕೋಚ ಬೇಡ.
* ಎಲ್ಲರಿಗೂ ಲೈಫ್ ಜಾಕೆಟ್, ಬೋಟಿನಲ್ಲಿ ಹುಟ್ಟು, ಹಗ್ಗ, ಲಂಗರು ಇವೆಯೇ ನೋಡಿ.
* ಜನರನ್ನು ಕೂರಿಸಿಕೊಂಡು ಎಣ್ಣೆ ತುಂಬುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಇಳಿಯಿರಿ.
* ದಂಡೆ ಮುಟ್ಟುವವರೆಗೆ ಎದ್ದು ಮುಂದಕ್ಕೆ ನುಗ್ಗಬೇಡಿ.
* ನಡುವೆ ಎಂಜಿನ್ ನಿಂತರೆ ಬೋಟಿನವರು ಮೊದಲು ಲಂಗರು ಬಿಡಲಿ, ರಿಪೇರಿ ಆಮೇಲೆ.
* ಮೇಲಿನಿಂದ ನೀರು ಬಿಟ್ಟ ಸುದ್ದಿ ಇದ್ದರೆ ಈಚೆ ದಂಡೆಯಿಂದಲೇ ಕೈಮುಗಿಯಿರಿ. ಟಾಕಿ ತುಂಬಿದ್ದರೂ ಅವತ್ತು ಹೊಳೆಗಿಳಿಯುವ ದಿನವಲ್ಲ.